ಕೊರಟಗೆರೆಯಿಂದ ಮೂಡಲಿಗೆ

ಕರ್ನಾಟಕದ ಭೂಪಟ ಬಿಚ್ಚಿ, ಪೆನ್ಸಿಲ್ ಹಿಡಿದು, ಕೊರಟಗೆರೆಯಿಂದ ಹಿರಿಯೂರಿಗೆ, ಅಲ್ಲಿಂದ ಮೊಳಕಾಲ್ಮೂರಿಗೆ ಒಂದು ಗೆರೆ ಎಳೆಯಿರಿ. ಈಗ ಗೆರೆಯ ಮೂಡಲ ಬದಿಗೆ ಕಣ್ಣು ಹಾಯಿಸಿ: ಹೊಳವನಹಳ್ಳಿ, ಮಧುಗಿರಿ, ಶಿರಾ ಸೀಮೆಯ ಒಂದಷ್ಟು, ಪಾವಗಡ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ ಬಂತು. ಬರದ ಪಟ್ಟಿ ಓದುವಾಗಲೆಲ್ಲ ಕೇಳಿಬರುವ ಹೆಸರುಗಳು.

ಈ ಗೆರೆ ನಾನು ಎಳೆದದ್ದಲ್ಲ. ಬಿ. ಎಲ್. ರೈಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಮೈಸೂರು ಗೆಜೆಟಿಯರ್‌ನಲ್ಲಿ ಎಳೆದಿಟ್ಟ ಗೆರೆ. ಅದರ ಮೂಡಲಿಗೆ ಏನಿದೆ ಎಂದು ಅವರು ಬರೆದದ್ದನ್ನು ಮೊದಲ ಸಲ ಓದಿದಾಗ ನಾನು ಪುಟ ಹಿಂದಕ್ಕೆ ತಿರುಗಿಸಿ, ತಾಲೂಕಿನ ಹೆಸರು ಸರಿಯಾಗಿ ಓದಿದೆನೇ ಎಂದು ಮತ್ತೆ ನೋಡಿದೆ. ಈ ಸೀಮೆಯ ತುಂಬ ಊಟೆಗಳು, ಅಂದರೆ ನೀರಿನ ಸೆಲೆಗಳು! ತೆಂಕಣ ಭಾಗದಲ್ಲಿ ಮರಳು ಮಣ್ಣನ್ನು ಸ್ವಲ್ಪ ಸ್ವಲ್ಪ ದೂರಕ್ಕೆ ತೋಡಿದರೆ ಸಾಕು, ನೀರು ನೆಲದ ಮಟ್ಟದ ಹತ್ತಿರಕ್ಕೇ ಏರಿ ನಿಲ್ಲುತ್ತಿತ್ತು. ಬಡಗಲಿಗೆ ಹೋದಂತೆ ಕಡಿಮೆ. ಪಾವಗಡದಲ್ಲಿ ಮೆದು ಬಂಡೆಯನ್ನು ಕಡಿದೇ ನೀರು ಕಾಣಬೇಕಿತ್ತು. ಸಿಕ್ಕ ನೀರನ್ನು ಸಣ್ಣ ಕಾಲುವೆಯಲ್ಲಿ ಹೊಲಕ್ಕೆ ಹರಿಸುತ್ತಿದ್ದರು, ಇಲ್ಲವೆ ಕಪಿಲೆ ಕಟ್ಟಿ ಎತ್ತುಗಳಿಂದ ಎತ್ತಿಸುತ್ತಿದ್ದರು.

ಇವುಗಳ ಹೆಸರು ತಲಪರಿಗೆ. ಹೇಳಿ ನೋಡಿ, ಎಂಥ ಹೆಸರು! ಹಳಗನ್ನಡದ ‘ಪರಿ’ಯೇ ಇಂದಿನ ‘ಹರಿ’ಯಾದದ್ದು, ಈ ಹೆಸರಿನಲ್ಲಿ ನನಗೆ ತಳದಿಂದ ಹರಿದು ಬರುವ ನೀರಿನ ಸದ್ದು ಕೇಳಿಸುತ್ತದೆ. ಕೆರೆ ಏರಿಯ ಕೆಳಗೆ, ಕೆರೆಯಂಗಳದಲ್ಲಿ, ಹಳ್ಳದ ದಂಡೆಯಲ್ಲಿ, ಹೊಳೆಯ ಮರಳಲ್ಲಿ ಇವು ಕಣ್ಣು ಬಿಟ್ಟುಕೊಂಡಿದ್ದವು. ಹೆಚ್ಚಿನ ಕಡೆ ಹಗ್ಗ ಬೇಡ, ರಾಟೆ ಬೇಡ, ಕರೆಂಟು ಬೇಡ. ಕೆರೆ ಬತ್ತಿ ತೂಬು ಒಣಗಿದ ಮೇಲೂ, ಬೇಸಗೆಯ ಬಿಸಿಲಲ್ಲೂ, ಇಲ್ಲಿ ನೀರು ತಾನಾಗಿ ಎದ್ದು ಬರುತ್ತಿತ್ತು.

ಎಲ್ಲಿಂದ ಬರುತ್ತಿತ್ತು? ದೇವರಾಯನದುರ್ಗದಿಂದ ಶುರುಮಾಡಿ. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ, ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತೆಗೆದ ಕತೆಯನ್ನು ಮಕ್ಕಳಿಗೆಲ್ಲ ಹೇಳುತ್ತಾರೆ. ಅದೇ ಬೆಟ್ಟಸಾಲಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ದಾಟಿ ಆಂಧ್ರದ ಕಡೆ ಉತ್ತರ ಪಿನಾಕಿನಿಗೆ ಸೇರುತ್ತದೆ. ವರ್ಷದ ಹೆಚ್ಚು ಕಾಲ ನೋಡಿದರೆ ಬರೀ ಮರಳು. ಒಣಗಿದ ಹೊಳೆ ಅನ್ನುತ್ತೇವೆ. ಆದರೆ ಒಂದು ಘನ ಮೀಟರ್ ಮರಳಿನ ಸಂದುಗಳಲ್ಲಿ ಸುಮಾರು 300 ಲೀಟರ್ ನೀರು ಹಿಡಿಯುತ್ತದೆ! ಬಿಸಿಲು ಮೇಲಿನ ಎರಡು ಮೂರು ಅಡಿಯನ್ನು ಒಣಗಿಸಿ ಅಲ್ಲಿಗೆ ಸೋಲುತ್ತದೆ. ಅದರ ಕೆಳಗಿನ ನೀರನ್ನು ಸೂರ್ಯ ಮುಟ್ಟಲಾರ. ಮರಳಿನಡಿಗೆ, ಅಕ್ಕಪಕ್ಕದ ಹೊಲಗಳಡಿಗೆ, ಲಕ್ಷಾಂತರ ವರ್ಷ ಮಳೆ ಬಿಸಿಲು ತಿಂದು ಮೆತ್ತಗಾದ ಕಲ್ಲಿನ ಪದರ. ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಮೇಲಿನ ಕೆರೆಗಳಿಂದ ಬಸಿದದ್ದು, ಬೆಟ್ಟದಿಂದ ಜಿನುಗಿದ್ದು ಬಂಡೆಯ ಮೇಲೆ ಕೂಡಿ, ಇಳಿಜಾರು ಹಿಡಿದು ಮೆಲ್ಲಗೆ ಸರಿಯುತ್ತಿರುತ್ತದೆ. ನೆಲ ತಗ್ಗಾದಲ್ಲಿ ಅದು ಹೊರಗಿಣುಕುವ ಜಾಗವೇ ತಲಪರಿಗೆ. ಬೀದರಿನಲ್ಲಿ ನೀರಿಗಾಗಿ ನೆಲದಡಿಯ ಕಲ್ಲನ್ನೇ ಕೊರೆದು ಕಾರೇಜ್ ಎಂಬ ಕಾಲುವೆ ಮಾಡಿದರು, ಕಾಸರಗೋಡಿನಲ್ಲಿ ಸುರಂಗ ತೋಡಿದರು. ಹೊಳವನಹಳ್ಳಿ ಕಡೆಯ ರೈತ ನೀರು ಬರುತ್ತಿದ್ದ ಜಾಗದ ಹೂಳು ತೆಗೆದು ಕಲ್ಲು ಕಟ್ಟಿದ, ಅಷ್ಟೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದರ ಮುಂದಿನ ಮಾತು. ತಲಪರಿಗೆ ಒಬ್ಬನ ಬಾವಿಯಲ್ಲ, ಊರಿನದು. ಊರವರು ಕೂಡಿ ಹೂಳೆತ್ತಿ, ಕಾಲುವೆ ಸವರಿ, ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದರು. ನೀರುಗಂಟಿ ಸರದಿಯಂತೆ ಹೊಲಹೊಲಕ್ಕೆ ನೀರು ತಿರುಗಿಸುತ್ತಿದ್ದ. ಇದೆಲ್ಲ ನಡೆದದ್ದು ಜನ ಒಳ್ಳೆಯವರಾಗಿದ್ದರು ಎಂಬ ಒಂದೇ ಕಾರಣಕ್ಕೆ ಎಂದು ನಾನು ನಂಬುವುದಿಲ್ಲ. ನೀರು ಕಣ್ಣಿಗೆ ಕಾಣುತ್ತಿತ್ತು! ನೆಲದಡಿಯ ಇಡೀ ನೀರಿನ ಮಟ್ಟ ಆ ಕಲ್ಲುಕಟ್ಟಿನ ಮೇಲೆ ಗೆರೆಯಾಗಿ ನಿಂತಿರುತ್ತಿತ್ತು. ಮೊನ್ನೆ ಮೂರನೇ ಕಲ್ಲಿಗಿದ್ದದ್ದು ಇವತ್ತು ಐದನೆಯದಕ್ಕೆ ಇಳಿದಿದೆ ಎಂದರೆ, ಬಟ್ಟೆ ಒಗೆಯಲು ಬಂದ ಹೆಂಗಸರಿಗೂ, ದನ ಹೊಡೆದುಕೊಂಡು ಬಂದ ಹುಡುಗನಿಗೂ ಅದು ಗೊತ್ತು. ಈ ಸಲ ಭತ್ತ ಬೇಡ, ರಾಗಿ ಸಾಕು ಎಂದು ಹೇಳಲು ಅಂಕಿಅಂಶ ಬೇಕಿರಲಿಲ್ಲ.

ಬೋರ್‌ವೆಲ್ ಬಂದಾಗ ಕಳೆದುಹೋದದ್ದು ಆ ಗೆರೆ. ಆರಿಂಚಿನ ತೂತಿನೊಳಗೆ ಯಾರೂ ಇಣುಕಲಾರರು. ನೂರಾರು ಅಡಿ, ಆಮೇಲೆ ಸಾವಿರ ಅಡಿ. ಬಂಡೆಯ ಬಿರುಕುಗಳಿಂದ ಪಂಪು ಎಳೆದಂತೆಲ್ಲ ಮೇಲಿನ ಪದರದ ನೀರೂ ಕೆಳಕ್ಕಿಳಿಯಿತು. ಮೇಲೆ ಲಾರಿಗಳು ಹೊಳೆಯ ಮರಳನ್ನು ತುಂಬಿಕೊಂಡು ಹೋದವು. ಒಂದೊಂದು ಲೋಡಿಗೂ ಎಷ್ಟು ನೀರಿನ ಮನೆ ಹೋಯಿತೆಂದು ಮೇಲಿನ ಲೆಕ್ಕ ಹಿಡಿದು ನೀವೇ ಗುಣಿಸಿ ನೋಡಿ, ಎದೆ ಝಲ್ಲೆನ್ನುತ್ತದೆ. ತಲಪರಿಗೆಗಳು ಒಂದೊಂದಾಗಿ ಹೂಳು, ಮುಳ್ಳು, ಜಾಲಿಯಡಿ ಮುಚ್ಚಿಹೋದವು. ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಅವರಂಥವರು ಊರೂರು ಹುಡುಕಿ ಬರೆದಿಡದಿದ್ದರೆ ಹೆಸರೂ ಮುಚ್ಚಿಹೋಗುತ್ತಿತ್ತು.

2019ರ ಡಿಸೆಂಬರ್ 25ರಂದು ಕೇಂದ್ರ ಸರ್ಕಾರ ಅಟಲ್ ಭೂಜಲ ಯೋಜನೆ ಶುರುಮಾಡಿತು. ಕರ್ನಾಟಕವೂ ಸೇರಿ ಏಳು ರಾಜ್ಯಗಳು, 6000 ಕೋಟಿ ರೂಪಾಯಿ. ಅದರ ತಿರುಳು ಕೇಳಿ: ಊರವರೇ ಕೊಳವೆಯೊಳಗೆ ಅಳತೆ ಬಿಟ್ಟು ನೀರಿನ ಮಟ್ಟ ನೋಡಬೇಕು, ಮಳೆ ಎಷ್ಟು, ಬೆಳೆಗೆ ಎಷ್ಟು ಎಂದು ಪಂಚಾಯಿತಿಯಲ್ಲಿ ಕೂತು ಲೆಕ್ಕ ಹಾಕಬೇಕು. ಅದೇ ಕಲ್ಲುಕಟ್ಟಿನ ಗೆರೆ! ಅದನ್ನೇ ಮತ್ತೆ ಕಣ್ಣಿಗೆ ತರುವ ಪ್ರಯತ್ನ. ಹಾಗಿದ್ದಮೇಲೆ, ನನ್ನನ್ನು ಕೇಳಿದರೆ, ಪ್ರತಿ ಊರೂ ಮೊದಲು ತನ್ನ ತಲಪರಿಗೆಯ ಜಾಲಿ ಕಡಿಯಬೇಕು. ಮೇಲಿನ ಕೆರೆಯ ಹೂಳು, ಕೆರೆಗೆ ನೀರು ತರುವ ಹಳ್ಳ, ಹೊಳೆಯಲ್ಲಿ ಉಳಿದಿರುವ ಮರಳು, ಈ ಮೂರನ್ನು ಕಾದುಕೊಂಡರೆ ಸೆಲೆಗೆ ಜೀವ ಬಂತೋ ಇಲ್ಲವೋ ಎಂಬುದನ್ನು ಯಾವ ವರದಿಗೂ ಕಾಯದೆ ಅಲ್ಲೇ ನೋಡಬಹುದು.

2022ರ ಮಳೆಗೆ ಜಯಮಂಗಲಿ ಉಕ್ಕಿ ಹರಿಯಿತು. ಹೊಳೆಯನ್ನೇ ಮರೆತಿದ್ದ ಮಕ್ಕಳು ಅಂದು ಸೇತುವೆ ಮೇಲೆ ನಿಂತು ಹೊಳೆ ನೋಡಿದರು. ಅಂಥ ನೀರು ಇಳಿದ ಮೇಲೆ ಮರಳಿಗಿಳಿದು ಮೊಣಕೈ ಆಳಕ್ಕೆ ತೋಡಿದರೆ ಸಾಕು: ಮೊದಲು ಬದಿಯ ಮರಳು ಕಪ್ಪಾಗುತ್ತದೆ, ಆಮೇಲೆ ಹೊಳೆಯುತ್ತದೆ, ಆಮೇಲೆ ತಳದಲ್ಲಿ ಬೊಗಸೆಯಷ್ಟು ಕದಡು ನೀರು. ಅದನ್ನು ಎತ್ತಿ ಚೆಲ್ಲಬೇಕು. ಎರಡನೇ ಸಲವೂ ಚೆಲ್ಲಬೇಕು. ಮೂರನೆಯ ಸಲ ಒರತೆ ತಿಳಿಯಾಗಿ ಬರುತ್ತದೆ.