ಕೊನೆಯ ಮಾತು ತಂತಿಗೆ

1977ರಲ್ಲಿ ನಾಸಾ ಹಾರಿಬಿಟ್ಟ ಎರಡೂ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಯೊಂದಿದೆ. ಅದರಲ್ಲಿರುವ 27 ಸಂಗೀತದ ತುಣುಕುಗಳು ಮುಗಿಯುತ್ತ ಬಂದಾಗ ಕೇಸರಬಾಯಿ ಕೇರ್ಕರ್ ಅವರ ಭೈರವಿ ಕೇಳಿಸುತ್ತದೆ. ಅದರ ಬೆನ್ನಿಗೇ ಬರುವುದು ಅಮೆರಿಕದ ಟೆಕ್ಸಸ್‌ನ ಬ್ಲೈಂಡ್ ವಿಲ್ಲಿ ಜಾನ್ಸನ್‌ನ ಗಿಟಾರ್. ಆಮೇಲೆ ಬೀಥೋವನ್, ಅಲ್ಲಿಗೆ ಮುಗಿಯಿತು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಂದಾಗಿ ನಮಗೆ ಹತ್ತಿರವಾದ ಜೈಪುರ-ಅತ್ರೌಲಿ ಘರಾಣೆಯ ಗಾಯಕಿಯ ಪಕ್ಕದಲ್ಲಿ, ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆದ ಈ ಕಪ್ಪು ಅಮೆರಿಕನ್ ಗಾಯಕ ಪರಕೀಯನೆನಿಸುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಇಬ್ಬರೂ ಜಿಗಿಯುವುದಿಲ್ಲ, ಜಾರುತ್ತಾರೆ. ಜಾನ್ಸನ್ ಬಗ್ಗೆ ಬರೆದವರು ಹೆಚ್ಚಾಗಿ ಅವನ ದುರಂತದ ಬದುಕನ್ನೇ ಹೇಳಿದ್ದಾರೆ. ಅವನು ನಮಗೆ ಮುಖ್ಯನಾಗಬೇಕಾದದ್ದು ಆ ಜಾರಿನ ಮೇಲಿದ್ದ ಹಿಡಿತಕ್ಕಾಗಿ ಎಂಬುದು ನನ್ನ ವಾದ.

ಗಿಟಾರಿನಲ್ಲಿ ಸಾಮಾನ್ಯವಾಗಿ ಬೆರಳು ತಂತಿಯನ್ನು ಒತ್ತಿದರೆ ಸಾಕು, ಸ್ವರಸ್ಥಾನವನ್ನು ಮೆಟ್ಟಿಲೇ ನೋಡಿಕೊಳ್ಳುತ್ತದೆ. ಸ್ಲೈಡ್ ನುಡಿಸುವವನಿಗೆ ಆ ಆಸರೆಯಿಲ್ಲ. ಬಾಟಲಿಯ ಕತ್ತನ್ನೋ ಲೋಹದ ಕೊಳವೆಯನ್ನೋ ತಂತಿಗೆ ಹಗುರಾಗಿ ತಾಗಿಸಿ ಜಾರಿಸಬೇಕು. ಒತ್ತಿದರೆ ತಂತಿ ಮೆಟ್ಟಿಲಿಗೆ ಬಡಿದು ಕರಕರ ಎನ್ನುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ನಮ್ಮ ಗೋಟುವಾದ್ಯ ನುಡಿಸುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಜಾನ್ಸನ್ ಬಳಸುತ್ತಿದ್ದದ್ದು ಜೇಬುಚಾಕು ಎಂದು ಕೆಲವರು, ಬಾಟಲಿಯ ಕತ್ತು ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದಾದರೇನು, ಹೆಬ್ಬೆರಳು ಮಂದ್ರದ ತಂತಿಯಲ್ಲಿ ಲಯ ಕಾಯುತ್ತಿರುವಾಗ ಮೇಲಿನ ತಂತಿ ಹಾಡುತ್ತದೆ. 1927ರ ಡಿಸೆಂಬರ್ 3ರಂದು ಡಲ್ಲಾಸ್‌ನಲ್ಲಿ ಕೊಲಂಬಿಯಾ ಕಂಪನಿಗಾಗಿ ಅವನು ಆರು ಹಾಡು ಮುದ್ರಿಸಿದ. ಅವುಗಳಲ್ಲೊಂದು ‘ಇಟ್ಸ್ ನೋಬಡೀಸ್ ಫಾಲ್ಟ್ ಬಟ್ ಮೈನ್’. ಅಲ್ಲಿ ಅವನು ಕೆಲವೆಡೆ ಸಾಲನ್ನು ನಡುವಿನಲ್ಲೇ ಬಿಟ್ಟುಬಿಡುತ್ತಾನೆ, ಉಳಿದ ಮಾತನ್ನು ತಂತಿ ಆಡಿ ಮುಗಿಸುತ್ತದೆ. ಕೇಳುವವರಿಗೆ ಒಂದಕ್ಷರವೂ ಕಳೆದುಹೋದಂತೆ ಅನಿಸುವುದಿಲ್ಲ. ಅದೇ ದಿನದ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ನಲ್ಲಂತೂ ಮಾತೇ ಇಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಏಸು ಪ್ರಾರ್ಥಿಸಿದ ಪ್ರಸಂಗದ ಸ್ತೋತ್ರವದು, 18ನೇ ಶತಮಾನದ ಇಂಗ್ಲೆಂಡಿನದು. ಜಾನ್ಸನ್ ಅದರ ಸಾಹಿತ್ಯವನ್ನು ಪೂರ್ತಿ ಕೈಬಿಟ್ಟ. ತಂತಿ ಕೆಳಗಿನಿಂದ ಏರಿ, ಸ್ವರದ ಅಂಚಿಗೆ ಬಂದು ನಡುಗುತ್ತದೆ. ಅದು ಆರುವ ಹೊತ್ತಿಗೆ ಅವನ ಗುನುಗು ಅದನ್ನು ಎತ್ತಿಕೊಳ್ಳುತ್ತದೆ. ವಿಲಂಬಿತದ ಆಲಾಪ ಕೇಳಿ ಬೆಳೆದ ಕಿವಿಗೆ ಈ ಮೂರು ನಿಮಿಷ ಅರ್ಥ ಮಾಡಿಸಬೇಕಾಗಿಲ್ಲ.

ಅವನು ಹಾಡಿದ್ದೆಲ್ಲ ದೇವರ ಹಾಡು, ಬ್ಲೂಸ್ ಗಾಯಕರ ಸಾಲಿನಲ್ಲಿ ಅವನನ್ನು ಕೂರಿಸುವುದೇ ತಪ್ಪು ಎಂಬ ಆಕ್ಷೇಪವಿದೆ. ಸಾಹಿತ್ಯವನ್ನಷ್ಟೇ ನೋಡಿದರೆ ಅದು ಸರಿ. ಆದರೆ ಒಂದೇ ರಾಗದಲ್ಲಿ ದೇವರನಾಮವನ್ನೂ ಜಾವಳಿಯನ್ನೂ ಕೇಳಿದ ನಮಗೆ, ಹಾಡಿನ ವಸ್ತು ಬೇರೆ, ನುಡಿಸುವ ರೀತಿ ಬೇರೆ ಎಂದು ವಿವರಿಸಬೇಕಿಲ್ಲ. ಅವನ ಕೈ ಬ್ಲೂಸ್‌ನದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಆ ದನಿ ಹುಟ್ಟಿದ್ದೇ ನೋವಿನಿಂದ, ನೋವನ್ನು ಬಿಟ್ಟು ಕಸುಬನ್ನು ಹೇಗೆ ನೋಡುತ್ತೀರಿ? ನೋವಿಗೇನೂ ಕೊರತೆಯಿರಲಿಲ್ಲ. 1897ರಲ್ಲಿ ಹುಟ್ಟಿದ ಅವನು ಏಳರ ಸುಮಾರಿಗೆ ಕಣ್ಣು ಕಳೆದುಕೊಂಡ. ಗಂಡನ ಮೇಲಿನ ಸಿಟ್ಟಿಗೆ ಮಲತಾಯಿ ಎರಚಿದ ಕ್ಷಾರದ ನೀರು ಅವನ ಕಣ್ಣಿಗೆ ಬಿತ್ತೆಂದು ಪತ್ನಿ ಆಂಜೆಲಿನ್ 1950ರ ದಶಕದಲ್ಲಿ ಸಂಶೋಧಕ ಸ್ಯಾಮ್ಯುಯೆಲ್ ಚಾರ್ಟರ್ಸ್‌ಗೆ ಹೇಳಿದಳು. ಮನೆ ಸುಟ್ಟಮೇಲೆ ಒದ್ದೆ ಹಾಸಿಗೆಯಲ್ಲಿ ಮಲಗಿ ಜ್ವರ ಹಿಡಿದದ್ದನ್ನು ಹೇಳಿದವಳೂ ಅವಳೇ. 1945ರಲ್ಲಿ ಬ್ಯೂಮಾಂಟ್‌ನಲ್ಲಿ ಅವನು ತೀರಿಕೊಂಡ. ಆದರೆ ಅಂಥ ಸಂಕಟ ಆ ಕಾಲದ ಸಾವಿರಾರು ಕಪ್ಪು ಜನರ ಪಾಲಿಗಿತ್ತು, ಈ ಜಾರು ಅವರೆಲ್ಲರ ಕೈಗೆ ಬರಲಿಲ್ಲ. 1929ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮುದ್ರಿಸಿದ ‘ಲೆಟ್ ಯುವರ್ ಲೈಟ್ ಶೈನ್ ಆನ್ ಮಿ’ಯಲ್ಲಿ ಅವನು ತಿಳಿಯಾದ ಸಹಜ ಕಂಠದಲ್ಲಿ ಶುರುಮಾಡಿ, ಆಮೇಲೆ ಗಂಟಲು ಗೀರುವಂಥ ಒರಟು ದನಿಗೆ ಇಳಿಯುತ್ತಾನೆ. ಆ ಒರಟುತನ ಅವನು ಬೇಕೆಂದೇ ಆರಿಸಿಕೊಂಡದ್ದು. ಅದನ್ನು ಬರೀ ಅಳು ಎಂದರೆ ಅವನ ಸಾಧನೆಯನ್ನೇ ಕಿತ್ತುಕೊಂಡಂತೆ.

1927ರಿಂದ 1930ರವರೆಗೆ 30 ಹಾಡು, ಅಷ್ಟೇ. ಆರ್ಥಿಕ ಕುಸಿತ ಬಂದು ಧ್ವನಿಮುದ್ರಿಕೆಯ ವ್ಯಾಪಾರ ಮಲಗಿತು. 1930ರ ನಂತರ ಅವನು ಮತ್ತೆ ಮುದ್ರಿಸಲಿಲ್ಲ. ಇಷ್ಟು ಕಡಿಮೆ ಬಿಟ್ಟುಹೋದವನ ಪ್ರಭಾವ ಎಷ್ಟಿದ್ದೀತು ಎಂದು ಕೇಳಬಹುದು. ಹ್ಯಾರಿ ಸ್ಮಿತ್ 1952ರ ತನ್ನ ಜನಪದ ಸಂಗೀತ ಸಂಕಲನಕ್ಕೆ ‘ಜಾನ್ ದ ರೆವಲೇಟರ್’ ಆರಿಸಿಕೊಂಡ. 1976ರಲ್ಲಿ ಲೆಡ್ ಜೆಪ್ಲಿನ್ ತಂಡ ಜಾನ್ಸನ್‌ನ ‘ಇಟ್ಸ್ ನೋಬಡೀಸ್ ಫಾಲ್ಟ್ ಬಟ್ ಮೈನ್’ ಹಾಡನ್ನು ರಾಕ್‌ಗೆ ತಂದಿತು. 1984ರ ‘ಪ್ಯಾರಿಸ್, ಟೆಕ್ಸಸ್’ ಚಿತ್ರಕ್ಕೆ ರೈ ಕೂಡರ್ ನುಡಿಸಿದ ಸಂಗೀತಕ್ಕೆ ಜಾನ್ಸನ್‌ನ ಆ ಮಾತಿಲ್ಲದ ಹಾಡೇ ಬುನಾದಿ. ಅದೇ ಕೂಡರ್ ಮುಂದೆ ಮೋಹನವೀಣೆಯ ವಿಶ್ವಮೋಹನ ಭಟ್ಟರೊಡನೆ ಕೂತು ‘ಎ ಮೀಟಿಂಗ್ ಬೈ ದ ರಿವರ್’ ನುಡಿಸಿದರು; 1994ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಎರಡು ದೇಶಗಳ ಜಾರು ಅಲ್ಲಿ ಎದುರುಬದುರು ಕೂತಿತು.

ಜಾನ್ಸನ್‌ನದೆಂದು ಗೊತ್ತಿರುವ ಭಾವಚಿತ್ರ ಒಂದೇ ಒಂದು. ಬ್ಯೂಮಾಂಟ್‌ನ ಸ್ಮಶಾನದಲ್ಲಿ ಅವನ ಗೋರಿ ಯಾವ ಜಾಗದಲ್ಲಿದೆಯೆಂದು ಖಚಿತವಾಗಿ ಗುರುತಿಸಲಾಗಿಲ್ಲ. ಅವನ ಗುನುಗನ್ನು ಹೊತ್ತ ವಾಯೇಜರ್ 1 ಮಾತ್ರ 2012ರಲ್ಲೇ ಸೌರಮಾರುತದ ಎಲ್ಲೆ ದಾಟಿ ನಕ್ಷತ್ರಗಳ ನಡುವಿನ ಕತ್ತಲೆಗೆ ಹೋಗಿದೆ. ಆ ತಟ್ಟೆಯಲ್ಲಿ ಭೂಮಿಯ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಒಂದು.