ಒಳಗೆ ಉಪ್ಪುಕಾಗದ ತಾಗಿಸಬೇಡಿ

ನನ್ನ ಮೊದಲ ಹಕ್ಕಿಮನೆಯನ್ನು ನೋಡಿದವರೆಲ್ಲ ಹೊಗಳಿದರು, ಹಕ್ಕಿಯೊಂದನ್ನು ಬಿಟ್ಟು. ಅರಿಶಿನ ಬಣ್ಣದ ಹಲಸಿನ ಮರ, ತೊಟ್ಟಿಲ ಕಾಲಿನಂಥ ಕಡೆತ, ಒಳಗೂ ಹೊರಗೂ ಕನ್ನಡಿಯಂತೆ ತಿಕ್ಕಿ ವಾರ್ನಿಶ್ ಬಳಿದಿದ್ದೆ. ಜಗಲಿಯ ಕಂಬಕ್ಕೆ ಕಟ್ಟಿ ಒಂದು ವರ್ಷ ಕಾದೆ. ಬಂದು ಉಳಿದದ್ದು ಒಂದು ಹಲ್ಲಿ.

ಲೇತ್ ನನಗೆ ಸಿಕ್ಕಿದ್ದೇ ಆಕಸ್ಮಿಕ. ಶಿರಸಿಯಲ್ಲಿ ತೊಟ್ಟಿಲು, ಮಂಚದ ಕಾಲು ಕಡೆಯುತ್ತಿದ್ದ ಅಂಗಡಿಯೊಂದು ಬಾಗಿಲು ಹಾಕುವಾಗ ಹಳೇ ಮಶೀನನ್ನು ಗುಜರಿ ರೇಟಿಗೆ ಕೊಟ್ಟರು. ಜೀಪಿನಲ್ಲಿ ಹೇರಿಕೊಂಡು ಸಿದ್ದಾಪುರದ ಕಡೆಯ ನಮ್ಮೂರಿಗೆ ತಂದು, ಅಡಿಕೆ ಸುಲಿಯುವ ಮಾಡಿನ ಮೂಲೆಯಲ್ಲಿ ಕೂರಿಸಿದೆ. ಕನ್ನಡದಲ್ಲಿ ಮೊಸರಿಗೂ ಕಡೆಯುವುದು, ಮರಕ್ಕೂ ಕಡೆಯುವುದು. ಮೊಸರಿನಲ್ಲಿ ಕಡಗೋಲು ಸುತ್ತುತ್ತದೆ. ಲೇತಿನಲ್ಲಿ ಮರವೇ ಸುತ್ತುತ್ತದೆ, ಉಳಿ ಅಲ್ಲಾಡದೆ ನಿಲ್ಲಬೇಕು. ಕೈ ತಪ್ಪಿದರೆ ಉಳಿ ಕಚ್ಚಿಕೊಂಡು ಮರ ಹಾರಿ ಮುಖಕ್ಕೇ ಬರುತ್ತದೆ. ಒಮ್ಮೆ ಬಂದಿದೆ. ಅಂದಿನಿಂದ ಮುಖಕ್ಕೆ ಮುಸುಕು ಹಾಕದೆ ಸ್ವಿಚ್ ಒತ್ತುವುದಿಲ್ಲ.

ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಗುಡಿಗಾರರು ಗಂಧದಲ್ಲಿ ಕೆತ್ತಿದ ಬಳ್ಳಿ, ನವಿಲು ನೋಡಿದವರಿಗೆ ಲೇತಿನ ಕೆಲಸ ಬೋಳುಬೋಳು ಎನ್ನಿಸೀತು. ನಿಜ, ಇದಕ್ಕೆ ದುಂಡಗಿನದ್ದು ಬಿಟ್ಟರೆ ಬೇರೆ ತಿಳಿಯದು. ಆ ದುಂಡುತನದಲ್ಲೇ ಚನ್ನಪಟ್ಟಣದವರು ಬೊಂಬೆ ಕಡೆದು ಅರಗಿನ ಬಣ್ಣ ಹಾಕಿ ಊರಿಗೆ ಹೆಸರು ತಂದರು. ನಮ್ಮ ಯಕ್ಷಗಾನದ ಸೀಮೆಯಲ್ಲಿ ದುಂಡು ಮರ ಎಂದರೆ ಮದ್ದಳೆಯ ಕಳಸಿಗೆ. ಹಲಸಿನ ತುಂಡಿನ ಹೊಟ್ಟೆ ತೋಡಿ, ಗೋಡೆಯನ್ನಷ್ಟೇ ಉಳಿಸುವ ಕೆಲಸ ಅದು. ಹಕ್ಕಿಮನೆಯೂ ಒಂದು ಬಾಯಿ ಮುಚ್ಚಿದ ಮದ್ದಳೆಯೇ ಎಂದು ನನಗೆ ಹೊಳೆದ ಮೇಲೆ ದಾರಿ ಸಲೀಸಾಯಿತು.

ಮರಕ್ಕೆ ನಮ್ಮಲ್ಲಿ ಬರವಿಲ್ಲ. ಸಾಗುವಾನಿ, ಬೀಟೆಯ ಸುದ್ದಿಗೆ ಹೋಗುವುದು ಬೇಡ, ಅರಣ್ಯ ಇಲಾಖೆಯ ಕಾಗದಪತ್ರ ಹಕ್ಕಿಮನೆಗಿಂತ ದೊಡ್ಡದಾದೀತು. ಗಾಳಿಗೆ ಮುರಿದ ಹಲಸಿನ ಟೊಂಗೆ, ಕಾಳುಮೆಣಸಿನ ಬಳ್ಳಿಗೆಂದು ನೆಟ್ಟ ಸಿಲ್ವರ್ ಓಕಿನ ತುಂಡು ಸಾಕು. ಆರು ಇಂಚು ದಪ್ಪ, ಹತ್ತು ಇಂಚು ಉದ್ದ. ಹಸಿ ಮರ ಬೆಣ್ಣೆಯಂತೆ ಕಡೆಯುತ್ತದೆ, ಆದರೆ ಒಣಗುವಾಗ ಸೀಳುತ್ತದೆ. ಮರ ಕುಗ್ಗುವುದು ಎಲ್ಲ ಕಡೆ ಸಮನಾಗಿ ಅಲ್ಲ. ವರ್ಷವಲಯಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಆ ಜಗ್ಗಾಟದಲ್ಲಿ ಬಿರುಕು ಹುಟ್ಟುತ್ತದೆ. ಅದಕ್ಕೆ ಹಸಿ ಇದ್ದಾಗಲೇ ತಿರುಳನ್ನು ಕೊರೆದು ತೆಗೆದು, ಕೊಯ್ದ ತುದಿಗೆ ಮೇಣ ಹಚ್ಚಿ, ಅಟ್ಟದ ಮೇಲೆ ಬೇಸಿಗೆಯಿಡೀ ಬಿಡುತ್ತೇನೆ. ಆಮೇಲೆ ಮತ್ತೆ ಲೇತಿಗೆ. ಒಳಗೆ ನಾಲ್ಕೂವರೆ ಇಂಚು ಅಗಲ, ಎಂಟು ಇಂಚು ಆಳ. ಗೋಡೆ ಮುಕ್ಕಾಲು ಇಂಚಿಗಿಂತ ತೆಳುವಾದರೆ ಏಪ್ರಿಲ್ ಬಿಸಿಲಿಗೆ ಮರಿ ಬೆಂದು ಹೋಗುತ್ತದೆ. ಬಾಗಿಲು ಗುಬ್ಬಚ್ಚಿಗಾದರೆ ಒಂದೂಕಾಲು ಇಂಚು, ಮಡಿವಾಳ ಹಕ್ಕಿಗಾದರೆ ಎರಡು ಇಂಚು. ತಳದಲ್ಲಿ ನಾಲ್ಕು ಸಣ್ಣ ತೂತು, ನೀರು ಬಸಿಯಲು. ಬಾಗಿಲ ಕೆಳಗೆ ಕೂರಲು ಕಡ್ಡಿ ನೆಡುವವರಿದ್ದಾರೆ. ಹಕ್ಕಿಗೆ ಅದು ಬೇಕಿಲ್ಲ. ಮಟಪಕ್ಷಿಗೆ ಮೊಟ್ಟೆ ಕದಿಯಲು ಮೆಟ್ಟಿಲಾಗುತ್ತದೆ, ಅಷ್ಟೆ.

ಮೊದಲ ಮನೆಯ ತಪ್ಪು ತೋರಿಸಿಕೊಟ್ಟವನು ನಮ್ಮಲ್ಲಿ ಕೊನೆ ಕೊಯ್ಯಲು ಬರುವವನು. ಬೆರಳು ಒಳಗೆ ಹಾಕಿ ಸವರಿ ನೋಡಿದ. ‘ಇಷ್ಟು ನುಣುಪು ಮಾಡಿದ್ರೆ ಮರಿ ಹತ್ತೂದು ಹ್ಯಾಂಗ್ರಾ?’ ಅಂದ.

ದಿನವೂ ಮರ ಹತ್ತುವವನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ. ತೋಟದಲ್ಲಿ ತಲೆ ಹೋದ ಅಡಿಕೆ ಮರವೊಂದು ನಿಂತೇ ಇತ್ತು. ಅದರ ಪೊಟರೆಯನ್ನು ಹೋಗಿ ನೋಡಿದೆ. ಕೊರೆದದ್ದು ಕುಟ್ರು ಹಕ್ಕಿಯೋ ಮರಕುಟಿಗವೋ. ಅವು ಬಿಟ್ಟುಹೋದ ಮೇಲೆ ಬಾಡಿಗೆಗೆ ಬಂದದ್ದು ಮಡಿವಾಳ. ಅದಕ್ಕೆ ತಾನೇ ಮರ ಕೊರೆಯಲು ಬರದು. ಒಳಗೋಡೆಯ ತುಂಬ ಕೊಕ್ಕಿನ ಗೀರು, ನಾರು, ಸಿಬಿರು. ಎರಡು ವಾರದ ಮರಿ ಉಗುರು ಊರಿ ಬಾಗಿಲ ತನಕ ಏರುವುದು ಆ ಗೀರು ಹಿಡಿದು. ನನ್ನ ವಾರ್ನಿಶ್ ಮನೆಯಲ್ಲಿ ಹಕ್ಕಿ ಮೊಟ್ಟೆಯಿಟ್ಟಿದ್ದರೆ ಮರಿಗಳು ಬಾವಿಯಲ್ಲಿ ಬಿದ್ದಂತಾಗುತ್ತಿತ್ತು. ಹಲ್ಲಿಯೇ ವಾಸಿ.

ಇದು ಹೊಸ ವಿಚಾರವೇನಲ್ಲ. ಜರ್ಮನಿಯ ಜಮೀನ್ದಾರ ಹಾನ್ಸ್ ಫಾನ್ ಬೆರ್ಲೆಪ್ಶ್ 19ನೇ ಶತಮಾನದ ಕೊನೆಯ ಹೊತ್ತಿಗೆ ಮರಕುಟಿಗದ ಪೊಟರೆಗಳನ್ನು ಅಭ್ಯಾಸ ಮಾಡಿ, ಅದೇ ಆಕಾರದಲ್ಲಿ ದಿಮ್ಮಿಗಳನ್ನು ಕೊರೆಸಿ ತನ್ನ ತೋಟದ ಮರಗಳಿಗೆ ಕಟ್ಟಿಸಿದ. ಮರಿ ಹತ್ತಲೆಂದು ಒಳಗೋಡೆಗೆ ಗೀರುಗಳನ್ನೂ ಹಾಕಿಸಿದ್ದ. ಈಗ ನಾನೂ ಹಾಗೆಯೇ. ಹೊರಗೆ ಎಷ್ಟು ಬೇಕಾದರೂ ಚೆಂದ ಮಾಡಿಕೊಳ್ಳುತ್ತೇನೆ, ಅದು ನನ್ನ ಚಟ. ಒಳಗೆ ಉಳಿ ಬಿಟ್ಟ ಏಣು ಹಾಗೇ ಇರುತ್ತದೆ. ಸಾಲದಿದ್ದರೆ ಬಾಗಿಲ ಕೆಳಗೆ ಮೊಳೆಯಿಂದ ಅಡ್ಡಗೀರು ಎಳೆಯುತ್ತೇನೆ.

ಮಾಡಿನದು ಇನ್ನೊಂದು ಕತೆ. ಲೇತಿನಲ್ಲಿ ಕಡೆದ ಗೋಪುರದಂಥ ಮಾಡು ಫೋಟೋಕ್ಕೆ ಲಾಯಕ್ಕು. ನಮ್ಮ ಮಳೆಗೆ ಅಲ್ಲ. ಮರದ ತುದಿ ನೀರು ಹೀರುತ್ತದೆ, ಆಷಾಢ ಮುಗಿಯುವುದರೊಳಗೆ ಅಣಬೆ ಏಳುತ್ತದೆ. ಒಂದು ಸಲ ಬೇಜಾರಾಗಿ, ತೋಟಕ್ಕೆ ಹೋಗುವಾಗ ಹಾಕುವ ಅಡಿಕೆ ಹಾಳೆಯ ಟೊಪ್ಪಿಯನ್ನೇ ಅದರ ನೆತ್ತಿಗೆ ಕವುಚಿದೆ. ಆ ಮಳೆಗಾಲ ಒಳಗೆ ಹನಿ ಇಳಿಯಲಿಲ್ಲ. ವರ್ಷಕ್ಕೊಂದು ಹಾಳೆ ಬದಲಿಸಿದರಾಯಿತು, ಹಾಳೆಗೇನು ದುಡ್ಡೇ?

ಎರಡನೆಯ ಮನೆಗೆ ಒಕ್ಕಲು ಬಂದದ್ದು ಮಿಸ್ರಿ ಜೇನು. ಬಾಗಿಲಿಗೆ ಮೇಣದ ಕೊಳವೆ ಕಟ್ಟಿಕೊಂಡು ಕೂತವು, ಏಳಿಸುವ ಮನಸ್ಸಾಗಲಿಲ್ಲ. ಮೂರನೆಯದನ್ನು ಮಾವಿನ ಮರಕ್ಕೆ ಕಟ್ಟಿ, ಚಗಳಿ ಇರುವೆ ಮುತ್ತಿ ಕೆಟ್ಟೆ. ಈಗ ಇರುವೆ ನೋಡಿಯೇ ಮರ ಆರಿಸುವುದು. ನಾಲ್ಕನೆಯದು ಯಲ್ಲಾಪುರದ ಅಕ್ಕನ ಮನೆಗೆ ಹೋಯಿತು. ಅವರು ಹಂಚು ಇಳಿಸಿ ಆರ್‌ಸಿಸಿ ಹಾಕಿಸಿದ ವರ್ಷದಿಂದ ಮಾಡಿನ ಸಂದಿಯ ಗುಬ್ಬಚ್ಚಿಗಳು ಕಾಣೆಯಾಗಿದ್ದವು. ಕಾರ್ ಶೆಡ್ಡಿನ ಗೋಡೆಗೆ, ಬೆಕ್ಕಿಗೆ ನಿಲುಕದಷ್ಟು ಎತ್ತರದಲ್ಲಿ ಹೊಡೆದೆವು. ಎರಡನೇ ವರ್ಷ ಒಂದು ಜೋಡಿ ಹುಲ್ಲು ತಂದಿತು.

ನಮ್ಮ ಮನೆಯ ಹಿತ್ತಿಲಿನದು ಐದನೆಯದು. ಹೋದ ವರ್ಷ ಅದರಲ್ಲಿ ಮಡಿವಾಳ ಮರಿ ಮಾಡಿದೆ. ಗಂಡು ಬೆಳಗಿನ ಜಾವ ಹಾಳೆಟೊಪ್ಪಿಯ ಮೇಲೆಯೇ ಕೂತು ಸಿಳ್ಳೆ ಹಾಕುತ್ತಿತ್ತು.

ಮಾಡುವ ಮನಸ್ಸಿದ್ದವರು ಹಿಂದಿನ ಬೇಸಿಗೆಯಲ್ಲೇ ಒಣಗಿಸಿಟ್ಟ ಮರವನ್ನು ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಕೂಡಲೇ ಹಿಡಿಯಿರಿ, ಶಿವರಾತ್ರಿಯೊಳಗೆ ಕಟ್ಟಿಬಿಡಿ. ಮಾರ್ಚಿಗೆ ಮಡಿವಾಳ ಮನೆ ಹುಡುಕಲು ಶುರು ಮಾಡುತ್ತದೆ. ಮತ್ತೆ, ತೋಟದಲ್ಲಿ ತಲೆ ಹೋದ ಅಡಿಕೆ ಮರವಿದ್ದರೆ, ಯಾರ ಮೇಲೂ ಬೀಳುವಂತಿಲ್ಲದಿದ್ದರೆ, ಅದನ್ನು ಕಡಿಯಬೇಡಿ.