ಶ್ರೀತಾಳೆಯ ಬೀಜ ಬಿತ್ತುವವರಾರು?

ಕರಾವಳಿಯ ಹಳ್ಳಿಗಳಲ್ಲಿ ಶ್ರೀತಾಳೆ ಹೂ ಬಿಡುವುದೆಂದರೆ ಸಡಗರವಲ್ಲ, ಆತಂಕ. ಮನೆಯ ಹಿಂದಿನ ಗುಡ್ಡದಲ್ಲಿ ಮೂರು ನಾಲ್ಕು ದಶಕ ತನ್ನ ಪಾಡಿಗೆ ತಾನು ನಿಂತಿದ್ದ ಮರ ಒಂದು ದಿನ ನೆತ್ತಿಯಲ್ಲಿ ಈಟಿಯಂಥ ಮೊಗ್ಗು ತೋರಿಸಿತೆಂದರೆ ಊರಿಗೆ ಕೇಡು ಎಂಬ ಮಾತು ಏಳುತ್ತದೆ, ಕೊಡಲಿ ಹೊರಬರುತ್ತದೆ. ಬಿದಿರು ಹೂ ಬಿಟ್ಟರೆ ಬರಗಾಲ ಎಂಬ ನಂಬಿಕೆಯ ಒಡಹುಟ್ಟಿದ ನಂಬಿಕೆ ಇದು. ಆದರೆ ಹೂ ಬಿಡುವ ಮೊದಲು ಕಡಿದ ಬಿದಿರು ಮೆಳೆ ಬುಡದಿಂದ ಮತ್ತೆ ಚಿಗುರೀತು. ಶ್ರೀತಾಳೆಗೆ ಆ ಭಾಗ್ಯವಿಲ್ಲ. ಬಾಳೆಯಂತೆ ಕಂದು ಒಡೆಯುವುದಿಲ್ಲ, ಗೂಟ ನೆಟ್ಟರೆ ಬೇರು ಬಿಡುವುದಿಲ್ಲ. ಬೀಜವೊಂದೇ ದಾರಿ. ಆ ಬೀಜ ಬರುವುದು ಜೀವಮಾನದಲ್ಲಿ ಒಂದೇ ಸಲ. ಕೊಡಲಿ ಬೀಳುವುದು ಅದಕ್ಕೆ ಮೊದಲೇ.

ತುಳುವಿನಲ್ಲಿ ಇದು ಪನೋಲಿ. ಮಲಯಾಳಿಗರು ಕುಡಪ್ಪನ ಎನ್ನುತ್ತಾರೆ, ಅಂದರೆ ಕೊಡೆಯ ತಾಳೆ. 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ವಾನ್ ರೀಡನ 'ಹಾರ್ಟಸ್ ಮಲಬಾರಿಕಸ್' ಗ್ರಂಥಮಾಲೆಯಲ್ಲಿ ಈ ಮರದ ಚಿತ್ರಗಳಿವೆ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು 'ಕೋರಿಫಾ ಅಂಬ್ರಾಕ್ಯುಲಿಫೆರಾ'. ಅದರಲ್ಲೂ ಕೊಡೆಯೇ ಇದೆ! ಇದು ಕೊಡೆ ಹೊತ್ತ ಮರವೆಂಬುದರಲ್ಲಿ ಮಲಬಾರಿನ ರೈತನಿಗೂ ಸ್ವೀಡನ್ನಿನ ಪಂಡಿತನಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎಲೆಯ ಅಗಲ ಐದು ಮೀಟರ್‌ವರೆಗೆ ಹೋಗುತ್ತದೆ. ಕಾಂಡ ಇಪ್ಪತ್ತೈದು ಮೀಟರ್ ಎತ್ತರ, ಒಬ್ಬರ ತೋಳಿಗೆ ಸಿಗದಷ್ಟು ದಪ್ಪ. ಮೂವತ್ತರಿಂದ ಎಂಬತ್ತು ವರ್ಷದ ನಡುವೆ ಯಾವಾಗಲೋ ಒಮ್ಮೆ ನೆತ್ತಿಯ ಮೇಲೆ ಆರರಿಂದ ಎಂಟು ಮೀಟರ್ ಎತ್ತರದ ಹೂಗೊಂಚಲು ಏಳುತ್ತದೆ. ಅದರಲ್ಲಿ ಲಕ್ಷಾಂತರ ಕೆನೆಬಣ್ಣದ ಹೂಗಳು. ಸಸ್ಯಲೋಕದಲ್ಲಿ ಇದಕ್ಕಿಂತ ದೊಡ್ಡ ಹೂಗೊಂಚಲು ಇನ್ನೊಂದಿಲ್ಲ. ಕಾಯಿ ಬಲಿತು ಹಣ್ಣಾಗಲು ಸುಮಾರು ಒಂದು ವರ್ಷ. ಆಮೇಲೆ ಎಲೆಗಳು ಜೋತು ಬಿದ್ದು ಮರ ಸಾಯುತ್ತದೆ.

ಈ ಸಾವಿಗೆ ಕಾರಣ ಶಾಪವಲ್ಲ, ಲೆಕ್ಕಾಚಾರ. ಮರ ದಶಕಗಟ್ಟಲೆ ಕಾಂಡದೊಳಗೆ ಪಿಷ್ಟವನ್ನು ಕೂಡಿಡುತ್ತದೆ. ಆ ಗಂಟನ್ನೆಲ್ಲ ಒಂದೇ ಮದುವೆಗೆ ಖರ್ಚು ಮಾಡಿ ಬರಿಗೈಯಾಗುತ್ತದೆ. ಬರದ ದಿನಗಳಲ್ಲಿ ಜನ ಇದರ ತಿರುಳನ್ನು ಕುಟ್ಟಿ, ನೀರಿನಲ್ಲಿ ಸೋಸಿ, ಹಿಟ್ಟು ಮಾಡಿ ಉಂಡಿದ್ದಾರೆ. ಹಿಟ್ಟು ಬೇಕಿದ್ದರೆ ಹೂ ಬಿಡುವ ಮೊದಲೇ ಕಡಿಯಬೇಕು. ಹೂವಾದ ಮೇಲೆ ಒಳಗೆ ಉಳಿಯುವುದು ನಾರು ಮಾತ್ರ. ಹೂ ಅಪಶಕುನ ಎಂಬ ಮಾತು ಹಸಿದ ಹೊಟ್ಟೆಯ ಈ ವಿವೇಕದಿಂದಲೇ ಹುಟ್ಟಿರಬಹುದೇ ಎಂದು ಊಹಿಸಿದರೆ ತಪ್ಪಲ್ಲ. ಈಗ ಹಿಟ್ಟು ಯಾರಿಗೂ ಬೇಡ. ಶಕುನ ಮಾತ್ರ ಉಳಿದಿದೆ.

ಬೇಡವಾದದ್ದು ಹಿಟ್ಟೊಂದೇ ಅಲ್ಲ. ಮಳೆಗಾಲದ ಗದ್ದೆ ಕೆಲಸಕ್ಕೆ ಬೆನ್ನ ಮೇಲೆ ಹೊರುತ್ತಿದ್ದ ಗೊರಬಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದು ಎಷ್ಟೋ ಕಾಲವಾಯಿತು. ಓಲೆಯ ಗ್ರಂಥಗಳ ಕಾಲ ಅದಕ್ಕೂ ಹಿಂದೆಯೇ ಮುಗಿಯಿತು. ಎಲೆಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿ, ಕಬ್ಬಿಣದ ಕಂಠದಿಂದ ಕೊರೆದು, ಮಸಿ ಬಳಿದು ಒರೆಸಿದರೆ ಅಕ್ಷರ ಮೂಡುತ್ತಿತ್ತು. ಸಾಮಾನ್ಯ ತಾಳೆಗಿಂತ ಶ್ರೀತಾಳೆಯ ಗರಿ ಅಗಲ, ಮೃದು. ಬಾಗಿಸಿದರೆ ಬೇಗ ಮುರಿಯದು. ಕನ್ನಡದ ಹಳೆಯ ಕಾವ್ಯಗಳೂ ಲೆಕ್ಕಪತ್ರಗಳೂ ನಮ್ಮ ಕೈಗೆ ಬಂದದ್ದು ತಾಳೆಗರಿಯ ಮೇಲೆ ಸವಾರಿ ಮಾಡಿ.

ವಿಚಿತ್ರವೆಂದರೆ, ಈ ಮರ ದಟ್ಟ ಕಾಡಿನೊಳಗೆ ಸಿಗುವುದು ಅಪರೂಪ. ಗುಡ್ಡದ ಇಳಿಜಾರು, ಹಳೆಯ ತೋಟದ ಅಂಚು, ಪಾಳುಬಿದ್ದ ಮನೆಯ ಹಿತ್ತಿಲು, ಹೀಗೆ ಮನುಷ್ಯ ಓಡಾಡಿದ ಜಾಗಗಳಲ್ಲೇ ಅದರ ವಾಸ. ಬಳಸುವವರು ಹಿಂದೆ ಸರಿದರೆ ಮರವೂ ಹಿಂದೆ ಸರಿಯುವುದಕ್ಕೆ ಇದೊಂದು ಕಾರಣ. ಅದರ ಸೋದರ ಬೈನೆಗೆ ಇಷ್ಟು ಚಿಂತೆಯಿಲ್ಲ. ಬೈನೆಯ ಹಣ್ಣನ್ನು ಕಬ್ಬೆಕ್ಕು ತಿಂದು ದೂರದೂರಕ್ಕೆ ಬೀಜ ಒಯ್ಯುತ್ತದೆ. ಬೈನೆಯೂ ಹೂ ಬಿಟ್ಟು ಸಾಯುವ ಮರವೇ, ಆದರೆ ಜಿಪುಣ: ನೆತ್ತಿಯಿಂದ ಬುಡದ ಕಡೆಗೆ ಒಂದೊಂದೇ ಗೊಂಚಲು ಬಿಡುತ್ತ ಹಲವು ವರ್ಷ ಸಾವನ್ನು ಮುಂದೂಡುತ್ತದೆ. ಘಟ್ಟದ ತೇವದ ಕಾಡುಗಳಲ್ಲಿ ತೆಳ್ಳಗೆ ಗುಂಪಾಗಿ ನಿಲ್ಲುವ ಕಾಡಡಿಕೆಗಂತೂ ಬುಡದಿಂದಲೂ ಮರಿಗಳು ಬರುತ್ತವೆ.

ಹಾಗಾದರೆ ಶ್ರೀತಾಳೆಯ ಬೀಜ ಬಿತ್ತುವುದು ಕಷ್ಟವೇ? ಕಷ್ಟವಲ್ಲ, ನಿಧಾನ. ಗೋಲಿಗಿಂತ ದೊಡ್ಡದಾದ ಗುಂಡು ಹಣ್ಣು. ಒಳಗೆ ಒಂದೇ ಬೀಜ, ದಂತದಷ್ಟು ಗಟ್ಟಿ. ಇದರಿಂದ ಜಪಮಾಲೆಯ ಮಣಿ, ಅಂಗಿಯ ಗುಂಡಿ ಮಾಡುತ್ತಿದ್ದರು. ಈ ಗಟ್ಟಿತನ ನೋಡಿ ಬೀಜವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತೋಣ ಎಂದುಕೊಂಡರೆ ಮೋಸ ಹೋದಂತೆ. ರಾಗಿ, ಭತ್ತದ ಬೀಜದಂತೆ ಒಣಗಿಸಿ ಇಡುವ ಜಾತಿಯಲ್ಲ ಇದು. ಕಲ್ಲಿನಂಥ ಆಹಾರದ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಭ್ರೂಣ ಕುಳಿತಿರುತ್ತದೆ. ಬಿಸಿಲಿಗೆ ಅದು ಒಣಗಿತೋ, ಮುಗಿಯಿತು.

ತಾನಾಗಿ ಉದುರಿದ ಹಣ್ಣನ್ನೇ ಆರಿಸಬೇಕು. ಸಿಪ್ಪೆ, ತಿರುಳು ಉಜ್ಜಿ ತೆಗೆದು, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಬೇಕು. ತೇಲುವ ಬೀಜಗಳನ್ನು ನಂಬುವಂತಿಲ್ಲ. (ಬೈನೆಯ ಹಣ್ಣಾದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದರ ತಿರುಳಿನಲ್ಲಿ ಸೂಜಿಯಂಥ ಹರಳುಗಳಿದ್ದು ವಿಪರೀತ ತುರಿಕೆ ಬರುತ್ತದೆ. ಅದರ ಲ್ಯಾಟಿನ್ ಹೆಸರಿನ 'ಯುರೆನ್ಸ್' ಎಂದರೆ ಉರಿಸುವಂಥದ್ದು ಎಂದೇ ಅರ್ಥ. ಕನ್ನಡದ 'ಉರಿ' ನೆನಪಾದರೆ ಅದು ಕಾಕತಾಳೀಯ; ಆ ಮಾತಿನಲ್ಲಿಯೂ ಒಂದು ತಾಳೆಮರವಿದೆ!)

ಬೀಜವನ್ನು ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣಿನಲ್ಲಿ ಅಡ್ಡಡ್ಡ ಮಲಗಿಸಿ ತೆಳುವಾಗಿ ಮುಚ್ಚಿದರೆ ಸಾಕು. ಕರಾವಳಿಯ ಬಿಸಿ ಅದಕ್ಕೆ ಹಿತ, ಬಯಲುಸೀಮೆಯ ಚಳಿಗಾಲ ಅಹಿತ. ನೆಲ ತೇವವಿರಬೇಕು, ನೀರು ನಿಲ್ಲಬಾರದು. ಮುಂದಿನ ಕೆಲಸ ಕಾಯುವುದು. ತಿಂಗಳುಗಟ್ಟಲೆ ಮೇಲೆ ಏನೂ ಕಾಣುವುದಿಲ್ಲ. ಎಷ್ಟೋ ಜನ ಸೋಲುವುದು ಇಲ್ಲಿಯೇ: ಬೀಜ ಕೊಳೆಯಿತೆಂದು ಮಣ್ಣು ಕೆದಕುತ್ತಾರೆ, ಮೊಳಕೆಯನ್ನು ಮುರಿಯುತ್ತಾರೆ.

ಏಕೆಂದರೆ ಶ್ರೀತಾಳೆ ಮೊಳೆಯುವುದು ಮೇಲಕ್ಕಲ್ಲ, ಕೆಳಕ್ಕೆ. ತೆಂಗು, ಅಡಿಕೆಗಳಲ್ಲಿ ಮೊಳಕೆ ಕಾಯಿಯ ಮಗ್ಗುಲಲ್ಲೇ ಏಳುತ್ತದೆ. ಇಲ್ಲಿ ಹಾಗಲ್ಲ. ಬೀಜದಿಂದ ಒಂದು ಕೊಳವೆ ಹೊರಟು, ಭ್ರೂಣವನ್ನು ಹೊತ್ತುಕೊಂಡು ನೆಲದಾಳಕ್ಕೆ ಇಳಿಯುತ್ತದೆ. ಅಲ್ಲಿ ಬೇರೂರಿದ ಮೇಲೆ ಎಲೆ ಮೇಲಕ್ಕೆ ಹೊರಡುತ್ತದೆ. ಸಾಮಾನ್ಯ ತಾಳೆಯದೂ ಇದೇ ರೀತಿ. ತಮಿಳುನಾಡಿನಲ್ಲಿ ಬೇಯಿಸಿ ತಿನ್ನುವ ತಾಳೆಗೆಡ್ಡೆ ಹೀಗೆ ನೆಲಕ್ಕಿಳಿದ ಮೊಳಕೆಯೇ. ಕಾಳ್ಗಿಚ್ಚು, ಬೇಸಿಗೆ, ದನದ ಗೊರಸು ಇವುಗಳಿಂದ ಸುಳಿಯನ್ನು ಬಚ್ಚಿಡಲು ಇದಕ್ಕಿಂತ ಒಳ್ಳೆಯ ಉಪಾಯ ಸಿಗಲಾರದು. ಹಾಗಾಗಿ ಗೇಣುದ್ದದ ಸಣ್ಣ ಪ್ಲಾಸ್ಟಿಕ್ ತೊಟ್ಟೆ ಪ್ರಯೋಜನವಿಲ್ಲ. ಒಂದೂವರೆ ಅಡಿಯಾದರೂ ಆಳ ಬೇಕು; ಇಲ್ಲವೇ ನೇರವಾಗಿ ಗುಂಡಿಗೇ ಬೀಜ ಹಾಕುವುದು ಒಳಿತು.

ಮೊದಲ ಎಲೆ ಹುಲ್ಲಿನ ಗರಿಯಂತಿರುತ್ತದೆ. ಬೀಸಣಿಗೆಯಾಗಲು ವರ್ಷಗಳು ಬೇಕು. ಕಾಂಡ ಕಾಣಲು ಇನ್ನೂ ಅನೇಕ ವರ್ಷ. ಹಲಸು, ಮಾವಿನಂತೆ ತಾಳೆಯ ಕಾಂಡ ವರ್ಷವರ್ಷ ಸುತ್ತ ಪದರ ಸೇರಿಸಿ ದಪ್ಪವಾಗಲಾರದು. ಮೊದಲು ನೆಲಮಟ್ಟದಲ್ಲೇ ಪೂರ್ತಿ ಅಗಲವನ್ನು ಕಟ್ಟಿಕೊಂಡು, ಆಮೇಲೆ ಎತ್ತರಕ್ಕೆ ಹೊರಡುತ್ತದೆ. ಅಷ್ಟು ದಿನ ಅದು ಬೆಳೆಯದೆ ಕುಳಿತಂತೆ ಕಂಡರೂ ಕುಳಿತಿರುವುದಿಲ್ಲ.

ಬ್ರೆಜಿಲಿನ ರಿಯೋ ಡಿ ಜನೈರೋ ನಗರದ ಫ್ಲಮೆಂಗೊ ಉದ್ಯಾನದಲ್ಲಿ ಉದ್ಯಾನಶಿಲ್ಪಿ ರಾಬರ್ಟೊ ಬುರ್ಲೆ ಮಾರ್ಕ್ಸ್ 1960ರ ದಶಕದಲ್ಲಿ ಶ್ರೀತಾಳೆಗಳನ್ನು ನೆಡಿಸಿದ್ದರು. ಒಟ್ಟಿಗೆ ನೆಟ್ಟವು 2025ರಲ್ಲಿ ಒಟ್ಟಿಗೇ ಹೂ ಬಿಟ್ಟವು. ಅಲ್ಲಿಯ ಜನ ಕೊಡಲಿ ತರಲಿಲ್ಲ, ಕ್ಯಾಮರಾ ತಂದರು. ನೆಡಿಸಿದವರು 1994ರಲ್ಲೇ ತೀರಿಕೊಂಡಿದ್ದರು.

ನಮ್ಮಲ್ಲಿ ಬೀಜ ಹುಡುಕುವವರು ಮೀಸಲು ಅರಣ್ಯಕ್ಕೆ ಕೈ ಹಾಕಬೇಕಾಗಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಹೂ ಬಿಟ್ಟ ಮರ ಮೈಲಿ ದೂರದಿಂದ ಕಾಣುತ್ತದೆ. ಅದರ ಒಡೆಯರನ್ನು ಕಂಡು, ಇನ್ನೊಂದು ವರ್ಷ ಕಡಿಯಬೇಡಿ ಎಂದು ಕೇಳಿಕೊಳ್ಳುವುದು ಮೊದಲ ಕೆಲಸ. ಒಂದೇ ಮರ ಸಾವಿರಾರು ಹಣ್ಣು ಉದುರಿಸುತ್ತದೆ. ತಾಯಿಯ ಬುಡದಲ್ಲೇ ಒತ್ತೊತ್ತಾಗಿ ಹುಟ್ಟುವ ಸಸಿಗಳಲ್ಲಿ ಬದುಕುವುದು ಕೆಲವೇ. ಬುಟ್ಟಿ ತುಂಬ ತಂದರೂ ಮರಕ್ಕೆ ನಷ್ಟವಿಲ್ಲ. ನೆಡುವಾಗ ಮಾತ್ರ ಮನೆ, ಕೊಟ್ಟಿಗೆ, ವಿದ್ಯುತ್ ತಂತಿಗಳಿಂದ ದೂರವಿರಲಿ. ಒಣಗಿದ ಒಂದು ಎಲೆ ಬಿದ್ದರೂ ಹಂಚು ಒಡೆಯುತ್ತದೆ. ಎರಡು ಮರಗಳ ನಡುವೆ ಮೂವತ್ತು ಅಡಿಗೆ ಕಡಿಮೆಯಿಲ್ಲದ ಜಾಗ, ಮೊದಲ ಕೆಲವು ಬೇಸಿಗೆಗಳಲ್ಲಿ ತುಸು ನೀರು, ದನ ಕಾಯುವವರಿಗೆ ಒಂದು ಮಾತು, ಇಷ್ಟು ಸಾಕು.